ಅತ್ತೆಯ ತವರಿನಲ್ಲಿ ನಾಲ್ಕು ದಿನ

ಗುರುವಾರ

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ತಲುಪಲು ಇನ್ನೂ ಅರ್ಧ ಗಂಟೆ ಇರುವಾಗಲೇ ಅತ್ತೆ ಎದ್ದು, ತಲೆ ಬಾಚಿ, ಹಣೆಗೆ ಕಾಸಗಲದ ಕುಂಕುಮ ಇಟ್ಟುಕೊಂಡು, ಮೂರೂ ಚೀಲಗಳನ್ನು ಬೋಗಿಯ ಬಾಗಿಲಿನ ಬಳಿ ಸಾಲಾಗಿ ಇಟ್ಟಿದ್ದರು. ಒಂಬತ್ತು ವರ್ಷಗಳ ಮೇಲೆ ತವರಿಗೆ ಬರುತ್ತಿದ್ದಾರೆ. ವರಮಹಾಲಕ್ಷ್ಮಿ ಹಬ್ಬವನ್ನು ಈ ಸಲ ತಂಗಿಯ ಮನೆಯಲ್ಲೇ ಮಾಡಬೇಕೆಂಬ ಹಟ ಅವರದು. ಮಗನಿಗೆ ರಜೆ ಇರಲಿಲ್ಲ, ಹಾಗಾಗಿ ಸೊಸೆಯಾದ ನಾನು ಜೊತೆಗೆ ಬಂದೆ. ಅತ್ತೆ ಸೊಸೆ ಇಬ್ಬರೇ ಪ್ರವಾಸ ಹೊರಟಿದ್ದೇವೆ ಎಂದಾಗ ನನ್ನ ಗೆಳತಿಯರು ಮೊಬೈಲಿನಲ್ಲಿ ಕಳುಹಿಸಿದ ಸಂದೇಶಗಳನ್ನು ಇಲ್ಲಿ ಬರೆಯುವುದಿಲ್ಲ.

ನಿಲ್ದಾಣದ ಹೊರಗೆ ಬಂದ ಕೂಡಲೇ ಒಗ್ಗಾಣಿ, ಮಿರ್ಚಿ. ಬಾಣಲೆಯಿಂದ ಆಗಷ್ಟೇ ಇಳಿದ ಮೆಣಸಿನಕಾಯಿ ಬಜ್ಜಿ, ಹುರಿಗಡಲೆ ಪುಡಿ ಬೆರೆತ ಮೆತ್ತನೆಯ ಮಂಡಕ್ಕಿ. ಕರಾವಳಿಯ ಹೊಟ್ಟೆಗೆ ಬೆಳಗಿನ ಆರೂವರೆಗೆ ಅದು ಸ್ವಲ್ಪ ಜಾಸ್ತಿಯೇ. ಆದರೆ ಅತ್ತೆ ಎರಡನೇ ತಟ್ಟೆ ಹೇಳುವಾಗ ಅವರ ಮಾತಿನ ಧಾಟಿಯೇ ಬದಲಾಗಿತ್ತು. ನಡುನಡುವೆ ತೆಲುಗು ನುಗ್ಗುತ್ತಿತ್ತು. ಬೆಂಗಳೂರಿನಲ್ಲಿ ಹತ್ತು ವರ್ಷ ನನ್ನೊಂದಿಗೆ ಮಾತನಾಡಿದ ಕನ್ನಡ ಅದಲ್ಲ. ಮದುವೆಯಾದ ಹೊಸದರಲ್ಲಿ, ಮನೆಯಲ್ಲಿ ತುಳು ಆಡುತ್ತಿದ್ದ ನನಗೆ ಅರ್ಥವಾಗಲಿ ಎಂದು ಅವರು ಶಾಲೆಯ ಪಾಠ ಓದುವವರ ಹಾಗೆ ಒಂದೊಂದೇ ಪದ ಬಿಡಿಸಿ ಮಾತನಾಡುತ್ತಿದ್ದರು. ಅದೇ ಅಭ್ಯಾಸವಾಗಿ ಉಳಿದುಬಿಟ್ಟಿದೆ.

ಆಟೋ ರಾಯಲ್ ವೃತ್ತ ದಾಟುವಾಗ ಅತ್ತೆ ಚಾಲಕನನ್ನು ಕೇಳಿದರು: "ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಬಂದಾಗ ನೀನು ಎಷ್ಟು ದೊಡ್ಡವನಿದ್ದೆಯಪ್ಪಾ?"

"ಐದನೇ ಇಯತ್ತೆ ಇರಬೇಕು ಅಮ್ಮಾ. ಶಾಲೆ ಬಿಟ್ಟು ಹೆಲಿಕಾಪ್ಟರ್ ನೋಡಲು ಓಡಿದ್ದೆವು. ಯಾರದು ಎಂದು ಗೊತ್ತಿರಲಿಲ್ಲ, ಧೂಳು ಮಾತ್ರ ನೆನಪಿದೆ."

1999ರ ಆಗಸ್ಟ್. ಸೋನಿಯಾ ಯಾವ ಕ್ಷೇತ್ರದಿಂದ ನಿಲ್ಲುತ್ತಾರೆ ಎಂಬುದನ್ನು ಕೊನೆಯ ಗಳಿಗೆಯವರೆಗೆ ಗುಟ್ಟಾಗಿಟ್ಟು, ನಾಮಪತ್ರ ಸಲ್ಲಿಸುವ ಸಮಯಕ್ಕೆ ಬಳ್ಳಾರಿಗೆ ಬಂದಿಳಿದಿದ್ದರು. ಬೆನ್ನಿಗೇ ಸುಷ್ಮಾ. ದೇಶದ ಪತ್ರಕರ್ತರೆಲ್ಲ ಈ ಊರಿನ ವಸತಿಗೃಹಗಳಲ್ಲಿ ಕೋಣೆಗಾಗಿ ಅಲೆದ ತಿಂಗಳು ಅದು. ಕೊನೆಗೆ 56,100 ಮತಗಳ ಅಂತರದಲ್ಲಿ ಸೋನಿಯಾ ಗೆದ್ದರು. ಅಮೇಥಿಯಲ್ಲೂ ಗೆದ್ದಿದ್ದರಿಂದ ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಸತ್ಯನಾರಾಯಣಪೇಟೆಯ ಒಂದು ಮನೆಯೊಳಗಿತ್ತು.

ಚಿಕ್ಕತ್ತೆ ಬಾಗಿಲಲ್ಲೇ ನಿಂತಿದ್ದರು. ಅಕ್ಕತಂಗಿಯರು ತಬ್ಬಿಕೊಳ್ಳಲಿಲ್ಲ. "ಸೊರಗಿದ್ದೀಯಾ" ಎಂದು ಇವರು, "ನೀನು ಊದಿದ್ದೀಯಾ" ಎಂದು ಅವರು. ಅಲ್ಲಿಗೆ ಒಂಬತ್ತು ವರ್ಷದ ಲೆಕ್ಕ ಮುಗಿಯಿತು.

ಸಂಜೆ ಒಬ್ಬಳೇ ಬಳ್ಳಾರಿ ಗುಡ್ಡ ಹತ್ತಿದೆ. ಒಂದೇ ಬಂಡೆ ಎನ್ನುವಂಥ ಗುಡ್ಡ, ಮೇಲೆ ಕೋಟೆ. ಶ್ರಾವಣ ಎಂದು ನಂಬಿ ನೀರಿನ ಬಾಟಲಿ ಇಲ್ಲದೆ ಹೊರಟದ್ದು ನನ್ನ ತಪ್ಪು. ಮೋಡವಿದ್ದರೂ ಇಲ್ಲಿನ ಬಂಡೆಗಳು ಹಗಲಿಡೀ ಕುಡಿದ ಬಿಸಿಯನ್ನು ಸಂಜೆ ಐದರ ಮೇಲೆ ವಾಪಸು ಕೊಡುತ್ತವೆ. ಅರ್ಧ ದಾರಿಯಲ್ಲಿ ಕುಳಿತಿದ್ದ ಕಾಲೇಜು ಹುಡುಗರು ನೀರು ಕೊಟ್ಟು ಎದುರಿನ ಕುಂಬಾರ ಗುಡ್ಡವನ್ನು ತೋರಿಸಿದರು. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಈ ಕೋಟೆ ಕಟ್ಟಿಸಿದನಂತೆ. ಆಮೇಲೆ ನೋಡಿದರೆ ಪಕ್ಕದ ಗುಡ್ಡವೇ ಎತ್ತರ, ಅಲ್ಲಿಂದ ಗುಂಡು ಹಾರಿಸಿದರೆ ಇಲ್ಲಿಗೆ ಬೀಳುತ್ತದೆ. ಎಂಜಿನಿಯರನನ್ನು ಕೋಟೆಯ ಬಾಗಿಲಿಗೇ ನೇತುಹಾಕಿದರಂತೆ. ಹುಡುಗರು ಇದನ್ನು ಹೇಳುವಾಗ ಅವರಲ್ಲೊಬ್ಬ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ ಕುತ್ತಿಗೆ ಸವರಿಕೊಂಡ.

ಶುಕ್ರವಾರ

ನಾಲ್ಕಕ್ಕೇ ಮನೆ ಎದ್ದಿತ್ತು. ಕಲಶಕ್ಕೆ ಸೀರೆ ಉಡಿಸಿದ್ದು, ಹೂರಣ ರುಬ್ಬಿದ್ದು, ಕಟ್ಟಿನ ಸಾರಿಗೆ ಒಗ್ಗರಣೆ ಹಾಕಿದ್ದು ಎಲ್ಲವೂ ಚಿಕ್ಕತ್ತೆ. ಆದರೆ ಹತ್ತು ಗಂಟೆಗೆ ಕೇರಿಯ ಹೆಂಗಸರು ಬರತೊಡಗಿದಾಗ ಚಿಕ್ಕತ್ತೆ ಅಡುಗೆಮನೆಯ ಹೊಸ್ತಿಲಿನಿಂದ ಈಚೆಗೆ ಬರಲಿಲ್ಲ. ಅರಿಸಿನ ಕುಂಕುಮ ಕೊಟ್ಟವರು ಅವರ ಸೊಸೆ. ನನಗೆ ರವಿಕೆ ಕಣ, ಎಲೆ ಅಡಿಕೆ, ತೆಂಗಿನಕಾಯಿ ಬಂತು. ಅತ್ತೆಗೂ ಬಂತು. ಯಾರೂ ಚಿಕ್ಕತ್ತೆಗೆ ಬೇಡವೆಂದು ಹೇಳಲಿಲ್ಲ, ಯಾರೂ ಬಾ ಎಂದೂ ಕರೆಯಲಿಲ್ಲ. ಅವರ ಯಜಮಾನರು ಹೋಗಿದ್ದು 1998ರಲ್ಲಿ.

ಹಬ್ಬದೂಟ ಮುಗಿದ ಮೇಲೆ ಸುಷ್ಮಾ ಮಾತು ತಾನಾಗಿಯೇ ಬಂತು. ಬಳ್ಳಾರಿಯಲ್ಲಿ ಈ ಹಬ್ಬದ ದಿನ ಅದು ಬಾರದೇ ಇರುವುದಿಲ್ಲವಂತೆ. ಸೋತ ಊರಿಗೆ ಮತ್ತೆ ತಿರುಗಿ ನೋಡುವ ರಾಜಕಾರಣಿ ಕಡಿಮೆ. ಆಕೆ ಚುನಾವಣೆಗೆಂದು ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದವರು, ಸೋತ ಮೇಲೂ ಹಲವು ವರ್ಷ ವರಮಹಾಲಕ್ಷ್ಮಿ ಪೂಜೆಗೆ ಇಲ್ಲಿಗೆ ಬಂದವರು.

"ರೇಷ್ಮೆ ಸೀರೆ, ಕೈತುಂಬ ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ. ಬಾಗಿಲಿಗೆ ಲಕ್ಷ್ಮಿಯೇ ಬಂದ ಹಾಗೆ" ಎಂದರು ಅತ್ತೆ. ಆ ವರ್ಷ ಅವರಿನ್ನೂ ಬಳ್ಳಾರಿಯಲ್ಲೇ ಇದ್ದರು, ಮಾವನವರಿಗೆ ಇಲ್ಲಿಯೇ ಕೆಲಸ. "ನನ್ನ ವೋಟು ಆಕೆಗೇ. ಮುಚ್ಚಿಡುವುದೇನಿದೆ?"

"ನನ್ನದು ಇನ್ನೊಬ್ಬಳಿಗೆ" ಎಂದರು ಚಿಕ್ಕತ್ತೆ ಪಾತ್ರೆ ಒರೆಸುತ್ತಾ.

"ನನಗೆ ಹೇಳಿರಲಿಲ್ಲ!"

"ನೀನು ಕೇಳಲಿಲ್ಲವಲ್ಲ ಅಕ್ಕ."

ಆಗ ಊರಿನ ತುಂಬ ಸ್ವದೇಶಿ ಮಗಳು, ವಿದೇಶಿ ಸೊಸೆ ಎಂಬ ಮಾತೇ ಮಾತು. ದೆಹಲಿಯವರು ಅದನ್ನು ಘೋಷಣೆ ಎಂದುಕೊಂಡಿದ್ದರು. ಬಳ್ಳಾರಿಯ ಹೆಂಗಸರು ಅದನ್ನು ಮನೆಯ ಪಂಚಾಯಿತಿಯಾಗಿ ತೆಗೆದುಕೊಂಡಿದ್ದರು ಎಂದು ನನಗೆ ಆ ಅಡುಗೆಮನೆಯಲ್ಲಿ ಅನ್ನಿಸಿತು.

ರಾತ್ರಿ ಕರೆಂಟು ಹೋಯಿತು. ಮೂವರೂ ಚಾಪೆ ಹಿಡಿದು ಮಾಳಿಗೆಗೆ ಹೋದೆವು. ಜೀವನಚರಿತ್ರೆಗಳನ್ನು ಓದುವುದು ನನ್ನ ಚಟ, ಅದು ಅತ್ತೆಗೆ ಗೊತ್ತು. "ಆಕೆಯ ಕಥೆ ಹೇಳು, ಮನೆ ಕಥೆ. ರಾಜಕೀಯ ಬೇಡ" ಎಂದರು. ಹೇಳಿದೆ. ಅರ್ಧ ಅವರೇ ಹೇಳಿದರು ಎನ್ನಬೇಕು, ಅಷ್ಟು ಅಡ್ಡಬಾಯಿ ಹಾಕಿದರು.

ಇಟಲಿಯ ಉತ್ತರದ ಲೂಸಿಯಾನಾ ಎಂಬ ಹಳ್ಳಿಯಲ್ಲಿ 1946ರ ಡಿಸೆಂಬರ್ 9ರಂದು ಹುಟ್ಟು. ತಂದೆ ಕಟ್ಟಡದ ಗುತ್ತಿಗೆದಾರ. ಹುಡುಗಿ ಇಂಗ್ಲಿಷ್ ಕಲಿಯಲು ಕೇಂಬ್ರಿಜ್ಜಿಗೆ ಹೋದಳು. 1965ರಲ್ಲಿ ಅಲ್ಲಿನ ಗ್ರೀಕ್ ಹೋಟೆಲೊಂದರಲ್ಲಿ ರಾಜೀವ್ ಕಂಡರು.

"ಅಪ್ಪ ಒಪ್ಪಿದನೇ?" ಚಿಕ್ಕತ್ತೆಯ ಮೊದಲ ಪ್ರಶ್ನೆ.

ಒಪ್ಪಲಿಲ್ಲ. 1968ರ ಫೆಬ್ರವರಿ 25ರಂದು ದೆಹಲಿಯಲ್ಲಿ ಮದುವೆಯಾದಾಗ ತಾಯಿ ಬಂದರು, ತಂದೆ ಬರಲಿಲ್ಲ. ಮದುವೆಗೆ ಮೊದಲು ಹುಡುಗಿಯನ್ನು ಇಳಿಸಿದ್ದು ಬಚ್ಚನ್ನರ ಮನೆಯಲ್ಲಿ. ಉಡಿಸಿದ್ದು ನೆಹರೂ ಜೈಲಿನಲ್ಲಿ ನೂತ ನೂಲಿನ ಸೀರೆ. ಅದೇ ಸೀರೆಯನ್ನು 1942ರಲ್ಲಿ ಇಂದಿರಾ ತಮ್ಮ ಮದುವೆಗೆ ಉಟ್ಟಿದ್ದರು.

"ಅತ್ತೆಯ ಧಾರೆ ಸೀರೆ ಸೊಸೆಗೆ!" ಎಂದರು ಅತ್ತೆ. ತುಸು ಸುಮ್ಮನಿದ್ದು, "ನನ್ನದನ್ನು ನಿನಗೆ ಕೊಡುತ್ತಿದ್ದೆ. ಜಿರಲೆ ತಿಂದಿತು" ಎಂದರು. ಇದು ನನಗೆ ಹೊಸ ವಿಷಯ.

ಲಂಡನ್ನಿನಲ್ಲಿ ಭಾವೀ ಅತ್ತೆಯನ್ನು ಮೊದಲ ಸಲ ಕಾಣಲು ಹೋದಾಗ ಹುಡುಗಿ ಹೆದರಿ ನಡುಗುತ್ತಿದ್ದಳು. ಅವಳಿಗೆ ಇಂಗ್ಲಿಷಿಗಿಂತ ಫ್ರೆಂಚ್ ಸಲೀಸು ಎಂದು ತಿಳಿದು ಇಂದಿರಾ ಫ್ರೆಂಚಿನಲ್ಲೇ ಮಾತನಾಡಿಸಿದರು. ಇದನ್ನು ಹೇಳುವಾಗ ನಾನು ಅತ್ತೆಯ ಕಡೆ ನೋಡಿದೆ. ಕತ್ತಲಿತ್ತು.

ಆಮೇಲಿನ ಹದಿಮೂರು ಹದಿನಾಲ್ಕು ವರ್ಷ, ಬೇರೆ ಯಾವ ಮನೆಯಲ್ಲಾದರೂ ಹೇಳಿಕೊಳ್ಳುವಂಥದ್ದೇನೂ ಇಲ್ಲದ ವರ್ಷಗಳು. ಗಂಡ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪೈಲಟ್. 1970ರಲ್ಲಿ ಮಗ, 1972ರಲ್ಲಿ ಮಗಳು. ಪ್ರಧಾನಿಯ ಮನೆಯ ಊಟ ಉಪಚಾರ ಸೊಸೆಯ ಕೈಗೆ ಬಂತು. ಬಿಡುವಿನಲ್ಲಿ ಹಳೆಯ ತೈಲಚಿತ್ರಗಳನ್ನು ದುರಸ್ತಿ ಮಾಡುವುದನ್ನು ಕಲಿತರು. 1980ರ ಜೂನ್ 23ರಂದು ಮೈದುನ ಸಂಜಯ್ ಗಾಂಧಿ ವಿಮಾನ ಬಿದ್ದು ಸತ್ತರು. ತಾಯಿ ದೊಡ್ಡ ಮಗನತ್ತ ನೋಡಿದರು. ಸೋನಿಯಾ ಬೇಡವೆಂದು ಹಟ ಹಿಡಿದರು, ಸೋತರು.

"ಸತ್ತವನ ಹೆಂಡತಿ?" ಎಂದರು ಚಿಕ್ಕತ್ತೆ. ಇದನ್ನು ಅವರೇ ಕೇಳುತ್ತಾರೆ ಎಂದು ನಾನು ಊಹಿಸಿರಬೇಕಿತ್ತು.

ಮೇನಕಾ ಗಾಂಧಿ 1982ರ ಮಾರ್ಚಿನ ಒಂದು ರಾತ್ರಿ ಪುಟ್ಟ ಮಗನನ್ನು ಎತ್ತಿಕೊಂಡು ಅತ್ತೆಯ ಮನೆಯಿಂದ ಹೊರನಡೆದರು. ಇಪ್ಪತ್ತೈದು ವರ್ಷದ ವಿಧವೆ. ಚಿಕ್ಕತ್ತೆ ಏನೂ ಹೇಳಲಿಲ್ಲ. ಬೀಸಣಿಗೆಯ ಸದ್ದು ನಿಂತು, ಮತ್ತೆ ಶುರುವಾಯಿತು.

1984ರ ಅಕ್ಟೋಬರ್ 31ರ ಬೆಳಿಗ್ಗೆ ತೋಟದ ಕಡೆಯಿಂದ ಸದ್ದು ಕೇಳಿ ಸೋನಿಯಾ ಮನೆಯುಡುಪಿನಲ್ಲೇ ಓಡಿಬಂದರು. ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯವರೆಗೆ ಹೋದರು. ರಾಜೀವ್ ಬಂಗಾಳದಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದೇ ಆಸ್ಪತ್ರೆಯಲ್ಲಿ ಅವರು ಗಂಡನನ್ನು ಹಿಡಿದುಕೊಂಡು ಪ್ರಧಾನಿ ಪದವಿ ಬೇಡ ಎಂದು ಬೇಡಿಕೊಂಡಿದ್ದರು. ಏಳು ವರ್ಷ ತುಂಬುವ ಮೊದಲೇ, 1991ರ ಮೇ 21, ಶ್ರೀಪೆರಂಬುದೂರು.

"ಸಾಕು" ಎಂದರು ಅತ್ತೆ. "ಅಲ್ಲಿಂದ ಮುಂದೆ ನಮಗೆ ಗೊತ್ತು."

ಕರೆಂಟು ಬಂತು, ಆದರೂ ಕೆಳಗೆ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ. ಇನ್ನೊಬ್ಬಾಕೆಯ ಕಥೆ ಬಾಕಿ ಇತ್ತು. ಸುಷ್ಮಾ ತುರ್ತುಪರಿಸ್ಥಿತಿಯ ನಡುವೆ, 1975ರ ಜುಲೈ 13ರಂದು, ಜೊತೆಗೆ ವಕೀಲಿಕೆ ಮಾಡುತ್ತಿದ್ದ ಸ್ವರಾಜ್ ಕೌಶಲ್ ಅವರನ್ನು ಮದುವೆಯಾದರು. ಗಂಡನ ಅಡ್ಡಹೆಸರನ್ನು ಬಿಟ್ಟು ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಅತ್ತೆಗೆ ಇದು ತುಂಬಾ ಹಿಡಿಸಿತು. ಅವರು ಈವರೆಗೆ ಮಾವನವರ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಪಡಿತರ ಚೀಟಿಯ ಕಚೇರಿಯಲ್ಲೂ ನನ್ನ ಕೈಯಲ್ಲಿ ಹೇಳಿಸುತ್ತಾರೆ. "ಪಾರ್ಲಿಮೆಂಟಿನಲ್ಲಿ ಎಲ್ಲರೂ ದಿನಕ್ಕೆ ನೂರು ಸಲ ಅವಳ ಗಂಡನ ಹೆಸರು ಕೂಗುತ್ತಿದ್ದರು ಎನ್ನು" ಎಂದು ನಕ್ಕರು. 2018ರಲ್ಲಿ ಸುಷ್ಮಾ ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದಾಗ, ಮಿಲ್ಖಾ ಸಿಂಗ್ ಕೂಡ ಒಂದು ದಿನ ಓಟ ನಿಲ್ಲಿಸಿದ್ದರು, ನಿನ್ನ ಹಿಂದೆ ಓಡಿ ಓಡಿ ನನಗೂ ಸಾಕಾಗಿದೆ ಎಂಬ ಅರ್ಥದಲ್ಲಿ ಗಂಡ ಸಾರ್ವಜನಿಕವಾಗಿ ಬರೆದದ್ದನ್ನು ಹೇಳಿದಾಗ ಇನ್ನೂ ನಕ್ಕರು.

ಚಿಕ್ಕತ್ತೆ ನಗಲಿಲ್ಲ. "ಎಲ್ಲ ಸರಿ. 2004ರಲ್ಲಿ ಆಕೆ ಏನು ಹೇಳಿದಳು? ಸೋನಿಯಾ ಪ್ರಧಾನಿಯಾದರೆ ತಲೆ ಬೋಳಿಸಿಕೊಂಡು, ಬಿಳಿ ಸೀರೆ ಉಟ್ಟು, ನೆಲದ ಮೇಲೆ ಮಲಗಿ ಕಡಲೆ ತಿನ್ನುತ್ತೇನೆ ಎಂದಳು. ಗಂಡ ಗಟ್ಟಿಯಾಗಿದ್ದವಳಿಗೆ ಅದು ಹಟ. ನಮ್ಮ ಅಜ್ಜಿಗೆ ಅದನ್ನೇ ಹದಿನಾರನೇ ವಯಸ್ಸಿಗೆ ಮಾಡಿಸಿದರು, ಯಾವ ಪೇಪರಿನಲ್ಲೂ ಬರಲಿಲ್ಲ."

ಸೋನಿಯಾ ಪ್ರಧಾನಿಯಾಗಲಿಲ್ಲ. ಮುಂದೆ ಇಬ್ಬರೂ ಸಂಸತ್ತಿನಲ್ಲಿ ಕೈಹಿಡಿದು ಮಾತನಾಡುವಷ್ಟು ಹತ್ತಿರವಾದರು. 2019ರ ಆಗಸ್ಟ್ 6ರಂದು ಸುಷ್ಮಾ ತೀರಿಕೊಂಡಾಗ ಸೋನಿಯಾ ಸ್ವರಾಜ್ ಕೌಶಲ್ ಅವರಿಗೆ ಪತ್ರ ಬರೆದರು. ಈ ಮಾತು ಕೇಳಿ ಚಿಕ್ಕತ್ತೆ "ಬರೆಯುತ್ತಾಳೆ, ಬರೆಯದೆ ಏನು" ಎಂದು ಚಾಪೆ ಸುತ್ತಿದರು.

ಶನಿವಾರ

ಹಬ್ಬದ ಮಾರನೆಯ ದಿನ ಮನೆಯಲ್ಲಿ ಉಳಿದರೆ ಪಾತ್ರೆಗಳು ಬಿಡುವುದಿಲ್ಲ ಎಂದು ಚಿಕ್ಕತ್ತೆಯೇ ನಮ್ಮನ್ನು ಹೊರದಬ್ಬಿದರು. ಮೊದಲು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ. ಸಂಗನಕಲ್ಲಿನ ನವಶಿಲಾಯುಗದ ಕೊಡಲಿಗಳನ್ನು ಇಲ್ಲಿ ನೋಡಿ ಆಮೇಲೆ ಬೆಟ್ಟಕ್ಕೆ ಹೋದರೆ ಕಲ್ಲುಗಳು ಬೇರೆಯೇ ಕಾಣುತ್ತವೆ. ಅತ್ತೆ ಅರೆಯುವ ಕಲ್ಲುಗಳ ಮುಂದೆ ಬಹಳ ಹೊತ್ತು ನಿಂತು, "ಗುಂಡುಕಲ್ಲು ಅಂದಿಗೂ ಇಷ್ಟೇ ಭಾರ" ಎಂದರು.

ಸಂಗನಕಲ್ಲು ನಗರದಿಂದ ದೂರವೇನಿಲ್ಲ, ಆಟೋ ಹೋಗಿಬರಲು ಒಪ್ಪುತ್ತದೆ. ಆದರೆ ಕಾಯುವುದಕ್ಕೂ ಸೇರಿಸಿ ಮೊದಲೇ ಮಾತನಾಡಿಕೊಳ್ಳಬೇಕು. ಹಿರೇಗುಡ್ಡದಲ್ಲಿ ಸಾವಿರಾರು ವರ್ಷ ಹಿಂದಿನ ಗೀರುಚಿತ್ರಗಳಿವೆ, ತಟ್ಟಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಅದನ್ನು ಕೇಳಲೆಂದು ದಾರಿ ಬಿಟ್ಟು ಮುಳ್ಳುಪೊದೆಗೆ ನುಗ್ಗಿದೆ. ಬಂಡೆಯ ನಾದಕ್ಕಿಂತ ಮೊದಲು ಕೇಳಿಸಿದ್ದು ನನ್ನ ಚಪ್ಪಲಿಯ ಬಾರು ಕಿತ್ತ ಸದ್ದು. ಬಿಸಿ ಕಲ್ಲಿನ ಮೇಲೆ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾ ಬಂದವಳನ್ನು ಅತ್ತೆ ಬೈಯುತ್ತಲೇ ಕೂರಿಸಿದರು. ಬಳೆಯಲ್ಲಿ ನೇತುಹಾಕಿಕೊಂಡಿದ್ದ ಪಿನ್ನು ತೆಗೆದು ಬಗ್ಗಿ ಬಾರಿಗೆ ಚುಚ್ಚಿದರು. ನಾನು ಕಾಲು ಎಳೆದುಕೊಂಡೆ, ಅವರು ಬಿಡಲಿಲ್ಲ.

ಇದನ್ನು ನೋಡುತ್ತಿದ್ದ ಆಟೋ ಚಾಲಕ, "ರಾಹುಲ್ ಗಾಂಧಿ ತಾಯಿಯ ಶೂ ದಾರ ಕಟ್ಟಿದ ಫೋಟೋ ನೋಡಿದ್ದೀರಾ?" ಎಂದ. 2022ರ ಅಕ್ಟೋಬರಿನಲ್ಲಿ ಮಂಡ್ಯದ ಕಡೆ ಪಾದಯಾತ್ರೆಗೆ ಸೋನಿಯಾ ಬಂದಾಗಿನ ಚಿತ್ರ. ಆ ಯಾತ್ರೆ ಬಳ್ಳಾರಿಗೆ ಬಂದಾಗ ಸಾವಿರ ಕಿಲೋಮೀಟರ್ ಮುಗಿದಿತ್ತು. ಪಕ್ಷದ ಅಧ್ಯಕ್ಷರ ಚುನಾವಣೆಗೆ ರಾಹುಲ್ ಮತ ಹಾಕಿದ್ದೂ ಇದೇ ಸಂಗನಕಲ್ಲಿನ ಬಿಡಾರದಲ್ಲಿ. ಚಾಲಕ ಆ ಮೂರು ದಿನ ಒಳ್ಳೆಯ ಬಾಡಿಗೆ ದುಡಿದಿದ್ದನಂತೆ. "ಎಲ್ಲ ಪಾರ್ಟಿಯವರೂ ನಡೆದರೆ ನಮಗೆ ಒಳ್ಳೆಯದು, ಆದರೆ ಅವರು ನಡೆದರೆ ನಾವು ಓಡಿಸಲು ರಸ್ತೆ ಇರುವುದಿಲ್ಲ."

ಪಿನ್ನು ಊರವರೆಗೆ ತಾಳಿತು. ಸಂಜೆ ಚಿಕ್ಕತ್ತೆಯ ಮಗನ ಜೀನ್ಸ್ ಹೊಲಿಯುವ ಕೊಠಡಿಗೆ ಹೋದೆವು. ನನಗೆ ಒಂದು ಪ್ಯಾಂಟು ಕೊಟ್ಟು ಹಣ ತೆಗೆದುಕೊಳ್ಳಲಿಲ್ಲ. ಅಳತೆ ಸರಿಯಿಲ್ಲ, ಹೇಳಲಿಲ್ಲ.

ಭಾನುವಾರ

ಕೊನೆಯ ದಿನ ಕೊಪ್ಪಳದ ಕಡೆ ಹೋಗಿ ರಾತ್ರಿ ಹೊಸಪೇಟೆಯಲ್ಲಿ ರೈಲು ಹಿಡಿಯುವುದು ನಮ್ಮ ಲೆಕ್ಕ. ಚಿಕ್ಕತ್ತೆ ಹುಲಿಗೆಮ್ಮನಿಗೆ ಹರಕೆ ಇದೆ ಎಂದು ಹೊರಟೇಬಿಟ್ಟರು. ನಮ್ಮ ರೈಲು ಬಳ್ಳಾರಿಯ ಮೇಲೆಯೇ ಹೋಗುವುದರಿಂದ ಅದರಲ್ಲೇ ಬಂದು ಇಳಿಯುವುದಾಗಿ ಹೇಳಿದರು.

ಕೊಪ್ಪಳದಿಂದ ಕಿನ್ನಾಳಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ ಸಾಕು. ಚಿತ್ರಗಾರರ ಓಣಿಯಲ್ಲಿ ಮನೆಯ ಕಟ್ಟೆಯ ಮೇಲೆಯೇ ಕೆಲಸ ನಡೆಯುತ್ತದೆ. ಹಗುರವಾದ ಪೊಳಕಿ ಮರವನ್ನು ಕೆತ್ತುತ್ತಾರೆ. ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಬಳಿದು ಸಂದುಗಳನ್ನು ತುಂಬಿಸುತ್ತಾರೆ. ಮೇಲೆ ಬಣ್ಣ. ಒಬ್ಬ ಹಿರಿಯರ ಮುಂದೆ ಯಾವುದೋ ಹಳ್ಳಿಯಿಂದ ಬಂದ ಹಳೆಯ ದೇವಿ ಮಲಗಿದ್ದಳು, ಮೂಗಿನ ತುದಿ ಚಕ್ಕೆ ಎದ್ದಿತ್ತು.

"ಹೊಸದು ಮಾಡುವುದು ಸುಲಭ" ಎಂದರು ಅವರು ತಲೆ ಎತ್ತದೆ. "ಹಳೆಯದಕ್ಕೆ ಕೈ ಹಾಕಿದರೆ, ಮೊದಲು ಮಾಡಿದವನು ಎಲ್ಲಿ ನಿಲ್ಲಿಸಿದ್ದ ಎಂದು ಹುಡುಕಬೇಕು."

ಚಿಕ್ಕತ್ತೆ ಅವರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಮುಕ್ಕಾಲು ಗಂಟೆ ನೋಡಿದರು. "ಆಕೆ ಕಲಿತದ್ದು ಇದನ್ನೇನು?" ಎಂದು ನನ್ನನ್ನು ಕೇಳಿದರು. ತೈಲಚಿತ್ರ, ಹೆಚ್ಚು ಕಡಿಮೆ ಇದೇ ಕೆಲಸ ಎಂದೆ. ಮುಂದೆ ನೆಹರೂ ಮತ್ತು ಇಂದಿರಾ ಬರೆದುಕೊಂಡ ಪತ್ರಗಳನ್ನು ಸಂಪಾದಿಸಿದ್ದೂ ಆಕೆಯೇ ಎಂದೆ. ಅತ್ತೆಯ ಪತ್ರ, ಅತ್ತೆಯ ಅಪ್ಪನ ಪತ್ರ, ಒಂದೊಂದಾಗಿ. ಚಿಕ್ಕತ್ತೆ ತಲೆಯಾಡಿಸಿ ಒಂದು ಹಸಿರು ಗಿಳಿ ಕೊಂಡರು. ಮೊಮ್ಮಗಳಿಗೆ ಎಂದರು. ಮೊಮ್ಮಗಳಿಗೆ ಈಗ ಹತ್ತೊಂಬತ್ತು.

ಹುಲಿಗಿಯಲ್ಲಿ ತುಂಗಭದ್ರೆ ಕೆಂಪಾಗಿ ಹರಿಯುತ್ತಿದ್ದಳು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಬಂದರೆ ದರ್ಶನ ಬೇಗ ಆಗುತ್ತದೆ ಎಂಬುದು ಅರ್ಧ ನಿಜ. ಭಾನುವಾರವೂ ಒಂದು ಗಂಟೆ ನಿಂತೆವು. ಸಾಲಿನಲ್ಲಿದ್ದ ಗಂಗಾವತಿ ಕಡೆಯ ರೈತರೊಬ್ಬರು 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿಯನ್ನು ನೆನೆಸಿಕೊಂಡರು. ಭತ್ತದ ನಾಟಿ ಮುಗಿಸಿದ್ದವರು ನಿದ್ದೆ ಮಾಡಿರಲಿಲ್ಲವಂತೆ.

ಹೊರಗೆ ಬಳೆ ಅಂಗಡಿಗಳ ಸಾಲು. ಅತ್ತೆ ನನಗೊಂದು ಡಜನ್, ಚಿಕ್ಕತ್ತೆಯ ಸೊಸೆಗೊಂದು ಡಜನ್ ಹಸಿರು ಬಳೆ ಆರಿಸಿದರು. ಆಮೇಲೆ ಅಂಗಡಿಯವಳಿಗೆ, "ನನ್ನದಕ್ಕಿಂತ ಒಂದು ಅಳತೆ ಚಿಕ್ಕದು ತೆಗೆ" ಎಂದರು.

"ಯಾರಿಗೆ?" ಎಂದರು ಚಿಕ್ಕತ್ತೆ.

ಅತ್ತೆ ಉತ್ತರ ಕೊಡಲಿಲ್ಲ. ತಂಗಿಯ ಕೈಯನ್ನು ಹಲಗೆಯ ಮೇಲೆ ಎಳೆದರು. ಚಿಕ್ಕತ್ತೆ ಸುತ್ತ ನೋಡಿದರು. ಬಳ್ಳಾರಿಯವರು ಯಾರೂ ಇರಲಿಲ್ಲ. "ಹಸಿರು ಬೇಡ" ಎಂದರು ಕೊನೆಗೆ. "ಆ ನೇರಳೆ ಬಣ್ಣದ್ದು ಎಷ್ಟು?" ಅಂಗಡಿಯವಳು ಹೇಳಿದ ಬೆಲೆಗೆ ಹತ್ತು ನಿಮಿಷ ಜಗಳವಾಡಿ ಇಪ್ಪತ್ತು ರೂಪಾಯಿ ಇಳಿಸಿದರು. ಆರು ಬಳೆ, ಒಂದು ಕೈಗೆ ಮೂರು.

ರೈಲು ತೋರಣಗಲ್ಲು ದಾಟುವಾಗ ಉಕ್ಕಿನ ಕಾರ್ಖಾನೆಯ ದೀಪಗಳು ಒಂದು ಊರಿನಷ್ಟು ಉದ್ದಕ್ಕೆ ಕಾಣಿಸಿದವು. ಅಕ್ಕತಂಗಿಯರು ಒಂದೇ ಬರ್ತಿನಲ್ಲಿ ಕುಳಿತು ತೆಲುಗಿನಲ್ಲಿ ಯಾರನ್ನೋ ಆಡಿಕೊಂಡು ನಗುತ್ತಿದ್ದರು. ನನ್ನನ್ನೇ ಇರಬಹುದು, ಜೀನ್ಸ್ ಎಂಬ ಪದ ಎರಡು ಸಲ ಕೇಳಿಸಿತು. ಬಳ್ಳಾರಿಯಲ್ಲಿ ರೈಲು ನಿಂತಾಗ ಚಿಕ್ಕತ್ತೆ ಇಳಿದು, ಮಗನ ಕೈಗೆ ಚೀಲ ಕೊಟ್ಟು, ಮತ್ತೆ ನಮ್ಮ ಕಿಟಕಿಯ ಬಳಿ ಬಂದರು. ಸರಳು ಹಿಡಿದಾಗ ಬಳೆ ತಾಗಿ ಸಣ್ಣಗೆ ಸದ್ದಾಯಿತು.

"ತಲುಪಿದ ಮೇಲೆ ಫೋನ್ ಮಾಡಿಸು ಅಕ್ಕ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಮಾಡು. ನಿನ್ನ ಅತ್ತೆ ಕಲಿಸಿದ ಪುಸ್ತಕದ ಕನ್ನಡ ಮಾತ್ರ ಬೇಡ" ಎಂದರು.